ಮಾನ್ಯ ಸಿದ್ದರಾಮಪ್ಪನವರ ಪ್ರವಾಸ ಕಾರ್ಯಕ್ರಮ

ರಾಯಚೂರಿನ ಒಂದು ಸರಕಾರಿ ಕಚೇರಿಯಲ್ಲಿ ಗದ್ದೆಪ್ಪ ಎಂಬ ಟಪಾಲು ಗುಮಾಸ್ತನಿದ್ದ. ಯಾವ ಕಚೇರಿ ಎಂದು ಕೇಳಬೇಡಿ. ಅಲ್ಲಿ ಕೂತವರಲ್ಲೇ ಅರ್ಧ ಜನಕ್ಕೆ ಅದು ಸರಿಯಾಗಿ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಗದ್ದೆಪ್ಪನ ಕೆಲಸ ಒಂದೇ. ಸಾಹೇಬರು ಎಲ್ಲಿಗಾದರೂ ಹೊರಟರೆ ಅವರ ಪ್ರವಾಸ ಕಾರ್ಯಕ್ರಮವನ್ನು ಅಚ್ಚಾದ ಫಾರ್ಮಿನ ಮೇಲೆ ದುಂಡಗೆ ಬರೆಯುವುದು, ಕಾರ್ಬನ್ ಇಟ್ಟು ಪ್ರತಿ ತೆಗೆಯುವುದು, ರಿಜಿಸ್ಟರಿನಲ್ಲಿ ನಂಬರು ಹಾಕುವುದು, ಸೀಲು ಒತ್ತುವುದು, ಲಕೋಟೆಗೆ ತುಂಬಿ ಅಂಟಿಸುವುದು. ಕಾಗದ ಮುಟ್ಟಿದ ಊರಿನಲ್ಲಿ ರಸ್ತೆಗೆ ನೀರು ಹೊಡೆಯುತ್ತಿದ್ದರು, ಹಾರ ತರಿಸುತ್ತಿದ್ದರು, ನಾಲ್ಕಾರು ಕೋಳಿಗಳು ಕಾಣೆಯಾಗುತ್ತಿದ್ದವು. ಗದ್ದೆಪ್ಪ ಮಾತ್ರ ಆ ಊರುಗಳನ್ನು ಲಕೋಟೆಯ ಮೇಲೆ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ.

ಈ ಕೆಲಸ ಅವನ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ತಲೆಯನ್ನು ಮನೆಯಲ್ಲೇ ಬಿಟ್ಟು ಕೈ ಎರಡನ್ನು ಕಚೇರಿಗೆ ಕಳಿಸಿದ್ದರೂ ಸಾಹೇಬರಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಹೆಂಡತಿ ಯಮನಮ್ಮ ಹೇಳಿದ ಕಿರಾಣಿ ಚೀಟಿಯನ್ನು ಕಚೇರಿಯಲ್ಲಿ ಕೂತು ಬರೆದಿದ್ದ. ತೊಗರಿ ಬೇಳೆ, ಬೆಲ್ಲ, ಹುಣಸೆಹಣ್ಣು. ಕೆಳಗೆ ಗುಂಡನೆಯ ಸರಕಾರಿ ಸೀಲು. ಕಿರಾಣಿ ಅಂಗಡಿಯವನು ಅದನ್ನು ನೋಡಿದವನೇ ಬಾಗಿಲು ಹಾಕಿಕೊಂಡು ಎರಡು ದಿನ ಬೀಗರ ಊರಿಗೆ ಹೋಗಿಬಿಟ್ಟ. ಗದ್ದೆಪ್ಪನ ಮನೆಯಲ್ಲಿ ಎರಡು ದಿನ ಬೇಳೆ ಬೇಯಲಿಲ್ಲ.

ಅವನಿಗೆ ಒಬ್ಬನೇ ಅಣ್ಣ, ಸಿದ್ದರಾಮಪ್ಪ. ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ಕುರಿ ಕಾಯ್ದುಕೊಂಡಿದ್ದವನು. ತಾಯಿ ತಂದೆ ಬೇಗ ಹೋದದ್ದರಿಂದ ತಮ್ಮನಿಗೆ ಎರಡೂ ಅವನೇ. ಮಾಸ್ತರರಿಗೆ ದಿನಾ ಕುರಿಯ ಹಾಲು ಹಾಕಿ ತಮ್ಮನಿಗೆ ಅಕ್ಷರ ಕಲಿಸಿದ. ಹುಡುಗ ಸ್ಲೇಟಿನ ಮೇಲೆ ಬರೆಯುವುದನ್ನು ಶಾಲೆಯ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದ. ಅಷ್ಟರಲ್ಲಿ ಕುರಿಗಳು ಶಾಲೆಯ ಬೇಲಿಯನ್ನೇ ಮೇಯುತ್ತಿದ್ದವು. ಹೆಂಡತಿ ಕರೆಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಎಪ್ಪತ್ತೊಂಬತ್ತನೇ ಇಸವಿಯ ಸಂಕ್ರಾಂತಿಯ ಮುಂದೆ ಹೊಟ್ಟೆನೋವೆಂದು ರಾಯಚೂರಿಗೆ ಬಂದ. ಗದ್ದೆಪ್ಪ ಅವನನ್ನು ದವಾಖಾನೆಗೆ ಕರೆದುಕೊಂಡು ಹೋದ.

ಡಾಕ್ಟರು ಎಲ್ಲ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಗದ್ದೆಪ್ಪನನ್ನು ಮಾತ್ರ ಹೊರಗೆ ಕರೆದರು.

"ಮನಿಗಿ ಕರಕೊಂಡು ಹೋಗ್ರಿ. ಗಡ್ಡಿ ಭಾಳ ಬೆಳದದ. ಏನು ಕೇಳ್ತಾರ ಅದನ್ನ ಕೊಡ್ರಿ."

"ಪಥ್ಯ ಏನ್ರಿ ಸರ್?"

"ಪಥ್ಯ ಏನಿಲ್ಲ."

ಗದ್ದೆಪ್ಪನಿಗೆ ಸಮಾಧಾನವಾಯಿತು. ಪಥ್ಯವಿಲ್ಲದ ಕಾಯಿಲೆ ದೊಡ್ಡದಿರಲಾರದು ಎಂದುಕೊಂಡ. ಆದರೂ ಬಾಯಿಮಾತಿನ ಆದೇಶ ನಾಳೆ ನಿಲ್ಲುವುದಿಲ್ಲ ಎಂಬುದು ಹತ್ತೊಂಬತ್ತು ವರ್ಷದ ಅನುಭವ. "ಏನು ಕೇಳಿದ್ರೂ ಕೊಡಬೌದು ಅಂತ ಒಂದು ಚೀಟ್ಯಾಗ ಬರದು ಸಹಿ ಮಾಡ್ರಿ ಸರ್" ಎಂದ. ಡಾಕ್ಟರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬರೆದುಕೊಟ್ಟರು. ಮನೆಗೆ ಬಂದು ಆ ಚೀಟಿಯನ್ನು ಹೆಂಡತಿಗೆ ಓದಿ ಹೇಳಿ, "ಪಥ್ಯ ಸುದ್ದಾ ಇಲ್ಲಂತ" ಎಂದು ಖುಷಿಪಟ್ಟ. ಯಮನಮ್ಮ ಶಾಲೆಗೆ ಹೋದವಳಲ್ಲ. ಅವಳಿಗೆ ಮೊದಲ ಸಾಲಿಗೇ ಅರ್ಥವಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಲೆಯ ಮುಂದೆ ಕೂತು ಅಳುತ್ತಿದ್ದವಳನ್ನು ನೋಡಿದ ಮೇಲೆ ಗದ್ದೆಪ್ಪನಿಗೂ ಆ ಚೀಟಿ ಓದಲು ಬಂತು.

ಮರುದಿನ ಸಿದ್ದರಾಮಪ್ಪ ಕೇಳಿದ್ದು ಹಾಲಲ್ಲ, ಹಣ್ಣಲ್ಲ.

"ತಮ್ಮಾ, ಬಾಯಿಗಿ ಸೇಂದಿ ಬೇಕನಸ್ತದ."

"ಯಣ್ಣಾ, ಮೆಲ್ಲಕ. ಬಾಜೂ ಮನಿ ಮುನವ್ವರ್ ಬೀ ಕೇಳಿಸಿಕೊಂಡಾಳು."

ಗದ್ದೆಪ್ಪನಿಗೆ ಹೆದರಿಕೆ ಸುಮ್ಮನೆ ಬಂದದ್ದಲ್ಲ. ನಮ್ಮ ಮನೆತನದಲ್ಲಿ ಸೇಂದಿಯ ವಾಸನೆ ಕಂಡವರಿಲ್ಲ ಎಂದು ಅವನು ಕಚೇರಿಯಲ್ಲಿ, ಓಣಿಯಲ್ಲಿ, ಒಮ್ಮೆ ಯಾರೂ ಕೇಳದಿದ್ದರೂ ಬಸ್ಸಿನಲ್ಲಿ ಸಹ ಹೇಳಿಕೊಂಡಿದ್ದ. ತಾನಂತೂ ಹೆಂಡ ಮುಟ್ಟಿದವನಲ್ಲ. ಅಣ್ಣನ ವಿಷಯದಲ್ಲಿ ಅವನು ಕಂಡಿರಲಿಲ್ಲ ಅಂತೇನೂ ಅಲ್ಲ, ಬೇರೆ ಕಡೆ ನೋಡಿದ್ದ.

"ಕೇಳಿಸಿಕೊಂಡ್ರ ಏನಾತು" ಎಂದ ಸಿದ್ದರಾಮಪ್ಪ. "ಹುಡುಗ ಇದ್ದಾಗಿಂದ ಹೇಳಕೋತ ಬಂದೀನಿ, ಮಸರಕಲ್ ಸೇಂದಿಗಿಂತ ಛಲೋ ಸೇಂದಿ ಈ ಭಾಗದಾಗ ಇಲ್ಲಂತ. ಕಲ್ಮಲದಾಗ ಇದರ ಸಲುವಾಗಿ ಜಗಳ ಆಡೀನಿ. ಹಿರೇಕೊಟ್ನೆಕಲ್‌ದಾಗ ಹೊಡಸಿಕೊಂಡೀನಿ. ಖರೇ ಹೇಳಬೇಕಂದ್ರ ಮೂರೂ ಊರಿಂದು ಒಂದ ದಿನಕ್ಕ ಕುಡದು ನೋಡಿಲ್ಲ. ಕುರಿ ಹೊಡಕೊಂಡು ಒಂದೂರಿಂದ ಒಂದೂರಿಗಿ ಹೋಗೂದ್ರಾಗ ನಾಕೈದು ದಿನ. ಅಷ್ಟೊತ್ತನ ಹಿಂದಿನ ರುಚಿ ನಾಲಿಗಿ ಮ್ಯಾಲ ಉಳಿತದೇನು? ಸುಳ್ಳ ಹೇಳಕೋತ ಬಂದೀನೇನೋ ಅಂತ ಈಗ ಅಂಜಿಕಿ ಬರಾಕತ್ತದ. ಹೋಗೂದ್ರಾಗ ಇದೊಂದು ನ್ಯಾಯ ಮುಗಿಬೇಕು."

ಗೋಡೆಯ ಆಚೆಯಿಂದ "ತೌಬಾ, ತೌಬಾ" ಎಂಬ ದನಿ ಬಂತು. ಮುನವ್ವರ್ ಬೀ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹತ್ತು ನಿಮಿಷದಲ್ಲಿ ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಗದ್ದೆಪ್ಪನ ಮಾನ ಹೋಗುವ ಗಳಿಗೆ ಬಂದಿತ್ತು.

"ಗದ್ದೆಪ್ಪಾ, ಸೇಂದಿ ಹರಾಮ್. ಅದು ಬ್ಯಾರೆ ಮಾತು. ಬೀಮಾರ್ ಮನಷಾ ಕೇಳ್ಯಾನ, ಇದು ಬ್ಯಾರೆ ಮಾತು. ನಮ್ಮ ಸಲಾವುದ್ದೀನ್ ಜೀಪ್ ತಗೊಂಡು ಬರ್ತಾನ. ಅಂವ ಗಾಡಿ ಹೊಡಿಲಿ, ಮೂಗು ಮುಚಗೊಂಡು ಹೊಡಿಲಿ."

ಹೀಗೆ ಅವಳ ಮಗನ ಜೀಪು ನಿಶ್ಚಯವಾಯಿತು. ಅದು ಯಾವುದೋ ಇಲಾಖೆಯ ಹರಾಜಿನಲ್ಲಿ ಹಿಡಿದ ಹಳೆಯ ಜೀಪು. ಸಲಾವುದ್ದೀನ್ ಅದರಲ್ಲಿ ಹತ್ತಿಯನ್ನೂ ಜನರನ್ನೂ ಒಟ್ಟಿಗೇ ತುಂಬುತ್ತಿದ್ದ. ಬಣ್ಣ ಮಾತ್ರ ಸರಕಾರಿಯದೇ ಉಳಿದಿತ್ತು.

ಆ ಸಂಜೆ ಸಿದ್ದರಾಮಪ್ಪ ಮಂಚದ ಮೇಲೆ ಕೂತು ವೇಳೆ ಹೇಳಿದ. ಸೇಂದಿ ಹೊತ್ತಿನ ಮಾತು ಕೇಳುತ್ತದೆ. ಈಚಲ ಗಿಡದಿಂದ ಇಳಿದಾಗ ಸಿಹಿ, ಬಿಸಿಲೇರಿದಂತೆ ಹುಳಿ, ಮಧ್ಯಾಹ್ನಕ್ಕೆ ಜಗಳಗಂಟಿ. ಕಲ್ಮಲದ್ದು ಹೊತ್ತು ಹುಟ್ಟುವಾಗ ಕುಡಿಯಬೇಕು. ಹಿರೇಕೊಟ್ನೆಕಲ್ಲಿನದು ಸ್ವಲ್ಪ ಬಿಸಿಲು ಬಿದ್ದ ಮೇಲೆ. ಮಸರಕಲ್ಲಿನದು ಯಾವ ಹೊತ್ತಿಗಾದರೂ ಸರಿ. ಹೀಗೆಂದಾಗ ಅವನ ಮುಖದಲ್ಲಿ ನ್ಯಾಯಾಧೀಶನ ಲಕ್ಷಣ ಏನೂ ಇರಲಿಲ್ಲ.

"ನಾಳೆ ಹೋಗಿಬಿಡೂಣೇನು?" ಎಂದ.

"ನಾಳೆ ಹೆಂಗ ಆಗ್ತದ ಯಣ್ಣಾ? ಪ್ರವಾಸ ಅಂದ ಮ್ಯಾಲ ಏಳು ದಿನ ಮೊದಲ ಕಾರ್ಯಕ್ರಮ ಹಾಕಬೇಕಾಗ್ತದ."

"ಯಾರು ಹೇಳ್ಯಾರ?"

"ನಿಯಮ ಅದ."

ತಮ್ಮನ ಅಕ್ಷರದ ಮೇಲೆ ಸಿದ್ದರಾಮಪ್ಪನಿಗೆ ಬಹಳ ಗೌರವ. "ನಿಯಮ ಇದ್ರ ಸರಿ ಬಿಡು" ಎಂದು ಮಲಗಿದ. ಸಾಯುವವನಿಗೆ ಏಳು ದಿನದ ನೋಟೀಸು ಕೊಟ್ಟ ಗುಮಾಸ್ತ ಈ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು. ಈ ಕತೆ ಹೇಳುವವನಿಗೇ ಅವನ ರಟ್ಟೆ ಹಿಡಿದು ಅಲ್ಲಾಡಿಸೋಣ ಅನ್ನಿಸುತ್ತದೆ.

ಆದರೆ ಗದ್ದೆಪ್ಪನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಎಂಥೆಂಥವರ ಹೆಸರನ್ನೋ ಹತ್ತೊಂಬತ್ತು ವರ್ಷ ಆ ಫಾರ್ಮಿನ ಮೇಲೆ ಬರೆದಿದ್ದ. ತನಗೆ ಬರೆಯಲು ಕಲಿಸಿದವನ ಹೆಸರನ್ನು ಒಮ್ಮೆ ಬರೆಯಬೇಕು ಅನ್ನಿಸಿತ್ತು. ಮರುದಿನ ಕಚೇರಿಯಲ್ಲಿ ಫಾರ್ಮು ತೆಗೆದು, ದುಂಡಗೆ, 'ಮಾನ್ಯ ಶ್ರೀ ಸಿದ್ದರಾಮಪ್ಪನವರ ಪ್ರವಾಸ ಕಾರ್ಯಕ್ರಮ' ಎಂದು ಬರೆದ. ಹುದ್ದೆ ಎಂಬಲ್ಲಿ ಏನು ಬರೆಯುವುದು? ಕುರಿ ಕಾಯುವವರು ಎನ್ನಲು ಮನಸ್ಸಾಗದೆ ಒಂದು ಗೆರೆ ಎಳೆದ. ಉದ್ದೇಶ ಎಂಬಲ್ಲಿ ಸೇಂದಿ ಕುಡಿಯುವುದು ಎಂದು ಬರೆಯಲು ಮನೆತನದ ಮಾನ ಅಡ್ಡ ಬಂತು. 'ಸೇಂದಿ ಪರಿಶೀಲನೆ' ಎಂದು ಬರೆದ. ಬೆಳಿಗ್ಗೆ ಆರೂವರೆ ಕಲ್ಮಲ, ಒಂಬತ್ತೂವರೆ ಹಿರೇಕೊಟ್ನೆಕಲ್, ಮಧ್ಯಾಹ್ನ ಒಂದಕ್ಕೆ ಮಸರಕಲ್. ಕೆಳಗೆ 'ಪ್ರತಿಗಳು' ಎಂಬ ಅಚ್ಚಿನ ಸಾಲು ಖಾಲಿ ಬಿದ್ದಿತ್ತು. ಖಾಲಿ ಜಾಗ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಮೂರೂ ಊರಿನ ಪಂಚಾಯಿತಿ ಚೇರ್ಮನ್ನರು ಎಂದು ತುಂಬಿದ.

ಬರೆಯುವವರೆಗೆ ತಲೆ ಅಲ್ಲಿತ್ತು. ಆಮೇಲೆ ತಲೆ ಮನೆಗೆ ಹೋಯಿತು. ಅಣ್ಣ ಬೆಳಿಗ್ಗೆ ಗಂಜಿಯನ್ನು ವಾಂತಿ ಮಾಡಿಕೊಂಡದ್ದು, ಅದನ್ನು ತಾನೇ ಒರೆಸುತ್ತೇನೆಂದು ಯಮನಮ್ಮನ ಕೈಯಿಂದ ಅರಿವೆ ಕಸಿದುಕೊಂಡದ್ದು ನೆನಪಾಗುತ್ತಿತ್ತು. ಕಣ್ಣು ಕಿಟಕಿಯ ಹೊರಗಿತ್ತು. ಕೈಗಳು ಸುಮ್ಮನೆ ಕೂರದೆ ತಮ್ಮ ಕೆಲಸ ತಾವು ಮಾಡಿದವು. ನಂಬರು ಹಾಕಿದವು, ಸೀಲು ಒತ್ತಿದವು, ಮೂರು ಲಕೋಟೆ ತುಂಬಿ ಅಂಟಿಸಿ ಟಪಾಲಿಗೆ ಹಾಕಿದವು. ಮೂಲ ಪ್ರತಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಗದ್ದೆಪ್ಪ ಮನೆಗೆ ಬಂದ. ಮೂರು ಲಕೋಟೆಯ ಸುದ್ದಿ ಅವನಿಗೇ ಗೊತ್ತಿರಲಿಲ್ಲ.

ಸಿದ್ದರಾಮಪ್ಪ ಆ ಕಾಗದವನ್ನು ತಲೆಕೆಳಗಾಗಿ ಹಿಡಿದು ಸೀಲಿನ ಮೇಲೆ ಬೆರಳಾಡಿಸಿದ. "ಮಾನ್ಯ ಅಂದ್ರ ನಾನಾ?" ಎಂದು ಕೇಳಿದ. ದಿನಾ ಸಂಜೆ ಅದನ್ನು ಓದಿಸಿದ. ಓಣಿಯ ಜನವೂ ಬಂದು ಕೇಳಿಕೊಂಡು ಹೋದರು. ಮೊದಲ ದಿನ ಮಂಚದ ಮೇಲೆ ಕೂತು ಕೇಳಿದ. ಮೂರನೆಯ ದಿನ ಗೋಡೆಗೆ ಒರಗಿ ಕೇಳಿದ. ಆರನೆಯ ದಿನ ಮಲಗಿಯೇ ಕೇಳಿ, "ಇನ್ನೊಂದ ದಿನ ಹೌದಲ್ಲ?" ಎಂದ. ಯಮನಮ್ಮ ಗಂಡನನ್ನು ಹಿತ್ತಿಲಿಗೆ ಕರೆದು, "ನಿಮ್ಮ ನಿಯಮಕ್ಕ ಬೆಂಕಿ ಹಚ್ಚಲಿ, ನಾಳೆ ಅಲ್ಲ ಈಗ ಹೋಗ್ರಿ" ಎಂದಳು. ಗದ್ದೆಪ್ಪ, ಕಾಗದದ ಮೇಲೆ ನಾಳೆಯ ತಾರೀಖು ಇದೆ ಎಂದ.

ಇತ್ತ ಮೂರು ಊರಿನಲ್ಲಿ ನಡೆದದ್ದೇ ಬೇರೆ. ಹುದ್ದೆ ಹೇಳಿಕೊಳ್ಳದ ಸಾಹೇಬನಿಗಿಂತ ಭಯಂಕರ ಸಾಹೇಬ ಇನ್ನೊಬ್ಬನಿಲ್ಲ. ಸರಕಾರದ ನಂಬರು ಬಿದ್ದ ಈಚಲ ಗಿಡಗಳ ಜೊತೆ ನಂಬರಿಲ್ಲದ ನಾಲ್ಕು ಗಿಡಗಳಿಗೂ ಗಡಿಗೆ ಕಟ್ಟುವುದು ಎಲ್ಲೆಲ್ಲೂ ಇದ್ದದ್ದೇ. ಯಾವ ಗಡಿಗೆ ಯಾವ ಗಿಡದ್ದೆಂದು ಯಾರು ಉತ್ತರ ಕೊಡಬೇಕು? ಎಲ್ಲವನ್ನೂ ಇಳಿಸಿಬಿಡುವುದೇ ಕ್ಷೇಮ ಎಂದು ಮೂರೂ ಊರಿನ ಹಿರಿಯರಿಗೆ, ಒಬ್ಬರನ್ನೊಬ್ಬರು ಕೇಳದೆಯೇ ತೋಚಿತು.

ಏಳನೆಯ ದಿನ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಜೀಪು ಕಲ್ಮಲ ಮುಟ್ಟಿತು. ಸಿದ್ದರಾಮಪ್ಪ ಹೊಸ ಧೋತರ ಉಟ್ಟು, ರುಮಾಲು ಸುತ್ತಿ, ಕಂಬಳಿ ಹೊದ್ದು ಮುಂದೆ ಕೂತಿದ್ದ. ಊರ ಬಾಗಿಲಲ್ಲೇ ಡೊಳ್ಳು ಮೊಳಗಿದವು. ಯಾರದೋ ಮದುವೆ ಇರಬೇಕು ಎಂದ ಗದ್ದೆಪ್ಪ. ಸಿದ್ದರಾಮಪ್ಪನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಅದರ ಭಾರಕ್ಕೆ ಅವನ ಕತ್ತು ಬಾಗಿತು. ಸಾಹೇಬರು ವಿನಯವಂತರು ಎಂದು ಜನ ಮಾತಾಡಿಕೊಂಡರು.

ಚೇರ್ಮನ್ನರು ಕೈಮುಗಿದು ನಿಂತರು. ಅವರ ಕೈಯಲ್ಲಿ ಒಂದು ಕಾರ್ಬನ್ ಪ್ರತಿ ಇತ್ತು. ಗದ್ದೆಪ್ಪ ಅದರ ಮೇಲಿನ ದುಂಡನೆಯ ಅಕ್ಷರವನ್ನು ನೋಡಿದ. ಆ ಅಕ್ಷರ ಯಾರದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಸೇಂದಿ ಎಲ್ಲಿ?" ಎಂದು ಸಿದ್ದರಾಮಪ್ಪ ಮೆಲ್ಲಗೆ ಕೇಳಿದ.

"ಸೇಂದಿ? ನಮ್ಮೂರಾಗ ಅದರ ಹೆಸರಽ ಯಾರಿಗೂ ಗೊತ್ತಿಲ್ರಿ ಸಾಹೇಬ್ರ" ಎಂದರು ಚೇರ್ಮನ್ನರು. "ಉಪ್ಪಿಟ್ಟು, ಚಾ ತಯಾರದ. ಬರ್ರಿ."

"ನಾ ಇಲ್ಲೇ ಕುಡದೀನಿ. ಆ ದಿಬ್ಬದ ಮ್ಯಾಲಿನ ಗಿಡದ್ದು. ನಲವತ್ತು ವರ್ಷಾತು."

ಚೇರ್ಮನ್ನರು ಬೆವರಿದರು. ನಲವತ್ತು ವರ್ಷದ ಹಿಂದಿನ ದಾಖಲೆ ತೆಗೆಯುವ ಸಾಹೇಬರನ್ನು ಅವರು ಕಂಡಿರಲಿಲ್ಲ. "ಅದು ನಮ್ಮ ಕಾಲದ್ದಲ್ರಿ, ನಿಜಾಮನ ಕಾಲದ್ದು" ಎಂದರು. ದಿಬ್ಬದ ಮೇಲಿನ ಗಿಡಗಳಲ್ಲಿ ಒಂದು ಗಡಿಗೆಯೂ ಇರಲಿಲ್ಲ. ಗೀರಿದ ಜಾಗಕ್ಕೆ ಮಣ್ಣು ಮೆತ್ತಿದ್ದರು. ಸಿದ್ದರಾಮಪ್ಪ ಚಹಾದ ಬಟ್ಟಲನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟ. "ಇರಲಿ ತಮ್ಮಾ, ಮುಂದಿನ ಊರಾಗ ನೋಡೂಣು" ಎಂದ.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಲ್ಲಿ ಪೆಂಡಾಲು ಹಾಕಿದ್ದರು. ಈ ಸಲ ಗದ್ದೆಪ್ಪ ಧೈರ್ಯ ಮಾಡಿದ. ಜೀಪಿನಿಂದ ಹಾರಿ ಇಳಿದು ಅಲ್ಲಿನ ಚೇರ್ಮನ್ನರನ್ನು ಪಕ್ಕಕ್ಕೆ ಎಳೆದ.

"ತಪ್ಪಾಗ್ಯದ್ರಿ. ಇವರು ಸಾಹೇಬ್ರಲ್ಲ. ನಮ್ಮಣ್ಣ. ಕುರಿ ಕಾಯ್ತಾನ."

ಚೇರ್ಮನ್ನರು ಕಣ್ಣು ಕಿರಿದು ಮಾಡಿ ನಕ್ಕರು. "ತಿಳೀತ್ರಿ. ವೇಷ ಬದಲಿ ಮಾಡಿ ಬಂದಾರ. ಯಾರಿಗೂ ಹೇಳಂಗಿಲ್ಲ."

"ಆಣಿ ಮಾಡ್ತೀನ್ರಿ, ನಾ ಬರೇ ಗುಮಾಸ್ತ."

"ಗುಮಾಸ್ತ್ರನ್ನ ಸಂಗಾಟ ಕರಕೊಂಡು ಬಂದಾರಂದ್ರ ಇಲ್ಲೇ ಕೂತು ಬರಸ್ತಾರೇನು?" ಚೇರ್ಮನ್ನರ ನಗು ಹೋಯಿತು. ಗದ್ದೆಪ್ಪನ ಕೊರಳಿಗೂ ಒಂದು ಹಾರ ಬಿತ್ತು.

ಸಲಾವುದ್ದೀನ್ ಜೀಪಿನ ಹತ್ತಿರ ನಿಂತು, "ಖರೇ ಅದ್ರಿ, ಗಾಡಿ ನಮ್ಮದು, ಇದ್ರಾಗ ನಿನ್ನೆ ಹತ್ತಿ ಹೇರಿದ್ದೆ" ಎಂದು ಸಾಕ್ಷಿ ಹೇಳಿದ. ಡ್ರೈವರನಿಗೆ ಎಷ್ಟು ಚೆನ್ನಾಗಿ ಕಲಿಸಿ ಕರೆತಂದಿದ್ದಾರೆ ಎಂದು ಜನ ಬೆರಗಾದರು. ಸಾಹೇಬರು ಎರಡು ಮಾತಾಡಬೇಕು ಎಂದು ಒತ್ತಾಯವಾಯಿತು. ಸಿದ್ದರಾಮಪ್ಪನನ್ನು ಇಬ್ಬರು ಹಿಡಿದು ನಿಲ್ಲಿಸಿದರು. ಅವನು ಹುಟ್ಟಿದಾಗಿಂದ ಕುರಿಗಳಿಗೆ ಬಿಟ್ಟರೆ ಸಭೆಗೆ ಮಾತಾಡಿದವನಲ್ಲ.

"ನನಗ ಭಾಳ ಹೊತ್ತು ನಿಂದ್ರಾಕ ಆಗಂಗಿಲ್ಲ" ಎಂದ. "ಒಂದು ಬಟ್ಟಲ ಸೇಂದಿ ಕೊಡ್ರಿ. ಕುಡದು ಹೋಗ್ತೀನಿ."

ಪೆಂಡಾಲೆಲ್ಲ ನಗು, ಚಪ್ಪಾಳೆ. ಹೀಗೆ ಬಾಯಿಬಿಡಿಸಲು ನೋಡುವ ಸಾಹೇಬರನ್ನು ತಾವು ಬಹಳ ಕಂಡಿದ್ದೇವೆ ಎನ್ನುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕಿ ಬಂದು, ಕೇರಿಯ ಬಾವಿ ಬತ್ತಿದೆ ಎಂಬ ಅರ್ಜಿಯನ್ನು ಅವನ ಕೈಗೆ ಕೊಟ್ಟಳು. ಸಿದ್ದರಾಮಪ್ಪ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಜೀಪು ಹೊರಟ ಮೇಲೆ, "ಇದನ್ನ ಮುಟ್ಟಸಬೇಕಾದವರಿಗೆ ಮುಟ್ಟಸಲೇ, ಪಾಪ" ಎಂದು ತಮ್ಮನ ಕೈಗಿಟ್ಟ. ಆಮೇಲೆ ಕಣ್ಣು ಮುಚ್ಚಿದ.

ದೇವದುರ್ಗದ ಕಡೆಯ ರಸ್ತೆಯಲ್ಲಿ ಗದ್ದೆಪ್ಪ ಬಾಯಿಬಿಟ್ಟ. ಕಾಗದ ಕಳಿಸಿದವನು ತಾನೇ ಎಂದ. ಗೊತ್ತಿಲ್ಲದೆ ಕಳಿಸಿದೆ, ಕೈ ಕಳಿಸಿದವು ಎಂದ. ಹೇಳುತ್ತ ಹೇಳುತ್ತ ಮಕ್ಕಳ ಹಾಗೆ ಬಿಕ್ಕಿದ. ಸಿದ್ದರಾಮಪ್ಪ ಮುಖವನ್ನು ಆಚೆ ತಿರುಗಿಸಿಕೊಂಡ. ಸಿಟ್ಟಾಗಿದ್ದಾನೆ ಎಂದು ಗದ್ದೆಪ್ಪ ಅಂದುಕೊಂಡ. ನೋಡಿದರೆ ಅವನ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು. ನೋವಿಗೆ ಹೊಟ್ಟೆ ಹಿಡಿದುಕೊಂಡೇ ನಕ್ಕ.

"ಹಂಗಾದ್ರ ನನ್ನ ಹೆಸರಿಗೆ ಅಂಜಿ ಎರಡೂರು ಸೇಂದಿ ಚೆಲ್ಲ್ಯಾರಂದಂಗಾತು. ಅಲಲೇ ಗದ್ದ್ಯಾ, ಕುರಿ ಸುದ್ದಾ ನನಗ ಇಷ್ಟು ಅಂಜಿಲ್ಲ."

ಮಸರಕಲ್ಲಿನಲ್ಲಿ ಕಾದಿದ್ದವರು ಹಾರ ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತರು. "ಇಂವ ನಮ್ಮ ಸಿದ್ರಾಮ ಅಲ್ಲೇನಬೇ?" ಎಂದು ಒಬ್ಬಳು ಕೇಳಿದಳು. ಡೊಳ್ಳು ಒಂದೊಂದಾಗಿ ನಿಂತವು. ಹಿಂದಿನಿಂದ ಸೇಂದಿ ಇಳಿಸುವ ಅಯ್ಯಪ್ಪ ಜನರನ್ನು ನೂಕಿಕೊಂಡು ಬಂದ. ಅವನು ಸಿದ್ದರಾಮಪ್ಪನ ಓರಗೆಯವನು. ತನ್ನ ಸೇಂದಿಯ ಮೂವತ್ತು ವರ್ಷದ ಗಿರಾಕಿಯ ಮುಖ ಈಗ ಹೇಗಾಗಿದೆ ಎಂದು ನೋಡಿದ. ಗದ್ದೆಪ್ಪ ನಡೆದದ್ದನ್ನು ಹೇಳಿದ.

ಅಯ್ಯಪ್ಪ ನೆಲಕ್ಕೆ ಕೂತುಬಿಟ್ಟ. "ನಿನ್ನೆ ಸಂಜಿಕ ಎಲ್ಲಾ ಗಡಿಗಿ ಇಳಿಸಿ ಹಳ್ಳಕ್ಕ ಚೆಲ್ಲಿದೆ. ಸಿದ್ದರಾಮಪ್ಪನವರು ಬರ್ತಾರ ಅಂತ ಓದಿ ಹೇಳಿದ್ರು. ನೀನಽ ಅಂತ ಯಾರಿಗಿ ಗೊತ್ತು? ನಿನಗಽ ಅಂತ ಗೊತ್ತಿದ್ರ ಜೇಲಿಗಿ ಹೋಗ್ತಿದ್ನಲ್ಲ, ಗಡಿಗಿ ಇಳಸ್ತಿದ್ದಿಲ್ಲ."

"ಈಗ ಕಟ್ಟು" ಎಂದ ಸಿದ್ದರಾಮಪ್ಪ.

"ಈಗ ಕಟ್ಟಿದ್ರ ಮುಂಜಾನಿಗಿ ಆಗ್ತದ."

"ಮುಂಜಾನಿಗಿ ಆಗಲಿ."

ಹಾರ ತಂದವರು ಅದನ್ನು ಏನು ಮಾಡಬೇಕೋ ತಿಳಿಯದೆ ಜೀಪಿಗೆ ಹಾಕಿದರು. ಅಯ್ಯಪ್ಪ ಹೊಸ ಗಡಿಗೆ ತೆಗೆದುಕೊಂಡು ಗಿಡ ಹತ್ತಿದ. ಆ ದಿನ ಯಾರೂ ರಾಯಚೂರಿಗೆ ಹಿಂತಿರುಗಲಿಲ್ಲ. ಕಾರ್ಯಕ್ರಮದಲ್ಲಿ ವಾಸ್ತವ್ಯ ಇಲ್ಲ ಎಂಬುದು ಗದ್ದೆಪ್ಪನಿಗೆ ಮೊದಲ ಸಲ ನೆನಪಾಗಲಿಲ್ಲ.

ಬೆಳಗಾಗುತ್ತಲೇ ಅಯ್ಯಪ್ಪ ಗಡಿಗೆ ಇಳಿಸಿ ತಂದ. ನೊರೆ ಇನ್ನೂ ಎದ್ದಿರಲಿಲ್ಲ. ಸಿದ್ದರಾಮಪ್ಪನನ್ನು ಅವನ ಹಳೆಯ ಮನೆಯ ಕಟ್ಟೆಯ ಮೇಲೆ ಗದ್ದೆಪ್ಪ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿಕೊಂಡಿದ್ದ. ಬಟ್ಟಲನ್ನು ತುಟಿಗೆ ಹಿಡಿದರೆ ಸೇಂದಿ ಒಳಗೆ ಹೋಗಲಿಲ್ಲ. ಗಂಟಲು ಮುಚ್ಚಿಕೊಂಡಿತ್ತು. ಎರಡು ಸಲ ಹಾಕಿದರು, ಎರಡು ಸಲವೂ ಗದ್ದದ ಮೇಲೆ ಹರಿದು ಹೋಯಿತು. ಏಳು ದಿನದ ಹಿಂದೆ ಇದೇ ಗಂಟಲಿನಲ್ಲಿ ಗಂಜಿ ಇಳಿಯುತ್ತಿತ್ತು. ಗದ್ದೆಪ್ಪನಿಗೆ ಆ ಏಳು ದಿನಗಳು ಒಂದೊಂದಾಗಿ ನೆನಪಾದವು.

"ನೀ ಕುಡಿ" ಎಂದ ಸಿದ್ದರಾಮಪ್ಪ.

"ನಾನಾ?"

"ಕುಡದು ಹೇಳು, ಹೆಂಗದ ಅಂತ."

ಗದ್ದೆಪ್ಪ ಬಟ್ಟಲು ಎತ್ತಿದ. ನಲವತ್ತನಾಲ್ಕು ವರ್ಷದ ಮನೆತನದ ಮಾನ ಒಂದೇ ಗುಟುಕಿನಲ್ಲಿ ಇಳಿದುಹೋಯಿತು. ಸಿಹಿಯಾಗಿತ್ತು, ಸ್ವಲ್ಪ ಹೊಗೆಯ ವಾಸನೆ ಇತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಅವನಿಗೆ ಹೇಗೆ ಗೊತ್ತಾಗಬೇಕು?

"ಎಲ್ಲಾದಕ್ಕಿಂತ ಛಲೋ ಅದ ಯಣ್ಣಾ. ಮಸರಕಲ್ಲಿಂದಽ ಛಲೋ."

ಸಿದ್ದರಾಮಪ್ಪ ಕಣ್ಣು ತೆರೆದು ತಮ್ಮನನ್ನು ನೋಡಿದ. "ಹುಚ್ಚ ಅದೀ. ಉಳದದ್ದು ಎರಡು ಕುಡಿಲಾರದ ಹೆಂಗ ಹೇಳ್ತಿ?" ಎಂದ.

ಆ ಮಧ್ಯಾಹ್ನ ತೀರಿಕೊಂಡ. ಸಲಾವುದ್ದೀನ್ ಹೋಗಿ ಯಮನಮ್ಮನನ್ನು ಕರೆತಂದ ಮೇಲೆ, ಊರ ಹೊರಗೆ, ಕರೆಮ್ಮನ ಪಕ್ಕದಲ್ಲಿ ಮಣ್ಣು ಮಾಡಿದರು.

ಮೂರನೆಯ ದಿನ ಮಣ್ಣಿನ ಹತ್ತಿರ ಹೋಗಿ ಹಾಲು ತುಪ್ಪ ಬಿಡಬೇಕು, ಸತ್ತವನಿಗೆ ಇಷ್ಟವಾದದ್ದನ್ನು ಎಡೆ ಇಡಬೇಕು. ಎರಡನೆಯ ದಿನ ಸಂಜೆ ಗದ್ದೆಪ್ಪ ಯಾರಿಗೂ ಹೇಳದೆ ರಾಯಚೂರಿಗೆ ಬಂದ. ಮರುದಿನದ ಮೊದಲ ಬಸ್ಸಿಗೆ ಕಲ್ಮಲದಲ್ಲಿ ಇಳಿದ. ಈ ಸಲ ಕಾಗದವಿಲ್ಲ, ನಂಬರಿಲ್ಲ, ಸೀಲಿಲ್ಲ. ಡೊಳ್ಳೂ ಇರಲಿಲ್ಲ. ದಿಬ್ಬದ ಮೇಲೆ ಎಲ್ಲ ಗಿಡಗಳಲ್ಲೂ ಗಡಿಗೆ ತೂಗುತ್ತಿದ್ದವು. ಕೂಲಿಯವರ ಸಾಲಿನಲ್ಲಿ ನಿಂತು, ಒಂದು ಬಟ್ಟಲು ಕುಡಿದು, ಒಂದು ಸೀಸೆ ತುಂಬಿಸಿಕೊಂಡ.

ಹಸಿ ಸೇಂದಿಯ ಸೀಸೆಗೆ ಬಿಗಿಯಾಗಿ ಬಿರಡೆ ಹಾಕಬಾರದು ಎಂಬುದು ಕುಡಿಯುವವರಿಗೆಲ್ಲ ಗೊತ್ತು. ಗದ್ದೆಪ್ಪ ಟಪಾಲು ಅಂಟಿಸಿದ ಹಾಗೆ ಭದ್ರ ಮಾಡಿದ್ದ. ಬಸ್ಸು ಒಂದು ಗುಂಡಿಗೆ ಇಳಿದಾಗ ಬಿರಡೆ ಸಿಡಿದು ಕಂಡಕ್ಟರನ ಹಣೆಗೆ ಬಡಿಯಿತು. ನೊರೆ ಹಾರಿ ಗದ್ದೆಪ್ಪನ ಅಂಗಿ ತೊಯ್ಯಿತು. ಹಿಂದಿನ ಸೀಟಿನಲ್ಲಿ ಅವನ ಕಚೇರಿಯ ಹೆಡ್ ಕ್ಲಾರ್ಕರ ಭಾವಮೈದುನನಿದ್ದ.

"ಏನ್ರಿ ಗದ್ದೆಪ್ಪನವರ, ನಿಮ್ಮ ಮನೆತನದಾಗ..." ಎಂದು ಶುರು ಮಾಡಿದ.

"ಕುಡಿತೀವ್ರಿ" ಎಂದು ಗದ್ದೆಪ್ಪ ಸೀಸೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತ. ಉಳಿದಷ್ಟು ಸೇಂದಿಯನ್ನು ಕಾಪಾಡಿಕೊಳ್ಳುವುದೇ ಆಗ ಅವನಿಗೆ ದೊಡ್ಡ ಕೆಲಸವಾಗಿತ್ತು.

ಹಿರೇಕೊಟ್ನೆಕಲ್ಲಿನಲ್ಲಿ ಪೆಂಡಾಲಿನ ಕಂಬಗಳು ಇನ್ನೂ ಇದ್ದವು. ಚೇರ್ಮನ್ನರು ಅವನ ಗುರುತು ಹಿಡಿದು ಓಡಿ ಬಂದರು. ಅಷ್ಟರಲ್ಲಿ ಅವನು ಬಟ್ಟಲು ಬಾಯಿಗೆ ಇಟ್ಟಿದ್ದನ್ನು ನೋಡಿ ಅವರಿಗೆ ಧೈರ್ಯ ಬಂತು.

"ಸಾಹೇಬ್ರು ಬರಲಿಲ್ಲೇನ್ರಿ? ಹೆಂಗದಾರ?"

ಇವರು ಸಾಹೇಬರಲ್ಲ ಎಂದು ಮತ್ತೊಮ್ಮೆ ಹೇಳುವ ಶಕ್ತಿ ಗದ್ದೆಪ್ಪನಿಗೆ ಇರಲಿಲ್ಲ. "ವರ್ಗ ಆತ್ರಿ" ಎಂದ.

"ಎಲ್ಲಿಗಿ?"

"ದೂರ."

"ಛಲೋ ಸಾಹೇಬ್ರನ್ನ ಭಾಳ ದಿನ ಇರಗೊಡಂಗಿಲ್ಲ ಬಿಡ್ರಿ" ಎಂದರು ಚೇರ್ಮನ್ನರು. "ಅರ್ಜಿ ತಗೊಂಡು ಕಣ್ಣಿಗೊತ್ತಿಕೊಂಡ್ರಲ್ಲ, ಅಂಥಾ ಸಾಹೇಬ್ರನ್ನ ನಾವು ನೋಡಿಲ್ಲ." ಗದ್ದೆಪ್ಪ ಹೌದೆಂದು ತಲೆಯಾಡಿಸಿದ. ಅವನ ಕಣ್ಣೀರನ್ನು ಸೇಂದಿಯ ಹುಳಿಗೆ ಬಂದದ್ದೆಂದು ಅವರು ತಿಳಿದುಕೊಂಡರು.

ಮಸರಕಲ್ಲಿನ ಮಣ್ಣಿನ ಹತ್ತಿರ ಜನ ಹಾಲು ತುಪ್ಪ ಬಿಟ್ಟು ಕಾದಿದ್ದರು. ಯಮನಮ್ಮ ಗಂಡನ ಅಂಗಿಯ ವಾಸನೆ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವನು ಎರಡೂ ಊರಿನ ಸೀಸೆಗಳನ್ನು ಕೆಳಗಿಟ್ಟ. ಅಯ್ಯಪ್ಪ ತನ್ನ ಗಡಿಗೆಯನ್ನು ಪಕ್ಕದಲ್ಲಿಟ್ಟ. ಮೂರು ಎಲೆಯ ದೊನ್ನೆಯಲ್ಲಿ ಮೂರೂ ಊರಿನದನ್ನು ಹಾಕಿ ಎಡೆ ಇಟ್ಟರು. ಗದ್ದೆಪ್ಪ ಅಯ್ಯಪ್ಪನ ಗಡಿಗೆಯಿಂದ ಒಂದು ಬಟ್ಟಲು ಬಗ್ಗಿಸಿಕೊಂಡು ಎಲ್ಲರ ಮುಂದೆ ಕುಡಿದ. ನಿಧಾನವಾಗಿ ಕುಡಿದ. ಬೆಳಗಿನಿಂದ ನಾಲಿಗೆಯ ಮೇಲೆ ಇಟ್ಟುಕೊಂಡು ಬಂದ ಎರಡು ರುಚಿಗಳ ಪಕ್ಕದಲ್ಲಿ ಮೂರನೆಯದನ್ನು ಇಟ್ಟು ನೋಡಿದ.

ಅಯ್ಯಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಊರೆಲ್ಲ ನೋಡುತ್ತಿತ್ತು.

ಗದ್ದೆಪ್ಪ ಮಣ್ಣಿನ ಗುಪ್ಪೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ. "ಯಣ್ಣಾ, ಮೂರೂ ಕುಡದೆ. ಒಂದ ದಿನಕ್ಕ ಕುಡದೆ. ನೀ ಹೇಳಿದ್ದು ಖರೇ ಅದ. ಮಸರಕಲ್ಲಿಂದಽ ಛಲೋ."

ಅಯ್ಯಪ್ಪ ಗಟ್ಟಿಯಾಗಿ ಅತ್ತುಬಿಟ್ಟ. ಜನ ಸಮಾಧಾನದಿಂದ ಎದ್ದು ಊಟಕ್ಕೆ ಹೊರಟರು.

ಗದ್ದೆಪ್ಪ ಮಾತ್ರ ಏಳಲಿಲ್ಲ. ಕಲ್ಮಲದ್ದೇ ಹೆಚ್ಚು ರುಚಿಯಾಗಿತ್ತು. ಅದನ್ನು ಅವನು ಹೆಂಡತಿಗೂ ಹೇಳಿಲ್ಲ.